ಹನ್ನೊಂದು ಕಾಯಿ, ಐದು ಮರಿ

ಜೂಲಿಯ ಹೊಟ್ಟೆಯಲ್ಲಿ ಎಷ್ಟು ಮರಿಗಳಿವೆ ಎಂದು ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲೇ ಗೊಲ್ಲಾಳಪ್ಪ ಹನ್ನೊಂದು ಮಂದಿಗೆ ಮಾತು ಕೊಟ್ಟು ಕೂತಿದ್ದ. ಬರೀ ಬಾಯಿಮಾತಾಗಿದ್ದರೆ ಹೇಗೋ ಜಾರಿಕೊಳ್ಳಬಹುದಿತ್ತು. ಆದರೆ ಅವನ ಮನೆತನದಲ್ಲಿ ನಾಯಿಮರಿ ಮಾರುವ ರೂಢಿ ಇರಲಿಲ್ಲ. ಮರಿ ಬೇಕಾದವರು ಒಂದು ತೆಂಗಿನಕಾಯಿ ತಂದು ಹೊಸ್ತಿಲ ಮೇಲೆ ಇಡಬೇಕು. ಮನೆಯ ಹಿರಿಯ ಅದನ್ನು ಎತ್ತಿಕೊಂಡರೆ ಮಾತು ಕೊಟ್ಟ ಹಾಗೆ. ಗೊಲ್ಲಾಳಪ್ಪ ಹನ್ನೊಂದನ್ನೂ ಎತ್ತಿಕೊಂಡಿದ್ದ. ಮಂದಿ ಮನೆ ಬಾಗಿಲಿಗೆ ಬಂದು ಕೈಮುಗಿದು ಕೇಳುವುದು ಅವನಿಗೆ ಹಿತವಾಗಿತ್ತು, ಇಲ್ಲ ಎನ್ನುವ ಅಭ್ಯಾಸವೂ ಅವನಿಗೆ ಇರಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮರುವರ್ಷ ಅದು. ಶಹಾಬಾದಿನ ಅಂಚಿನಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ತಿಕ್ಕುವ ಶೆಡ್ಡುಗಳ ಹಿಂದಿನ ಓಣಿಯಲ್ಲಿ ಅವರ ಮನೆ. ಗೊಲ್ಲಾಳಪ್ಪ ಹದಿನಾರು ಆಡು ಸಾಕಿದ್ದ. ಮಗ ಕಾಶಪ್ಪ ಗುತ್ತೇದಾರ ಮಾಣಿಕಪ್ಪನ ಶೆಡ್ಡಿನಲ್ಲಿ ಮುಕದ್ದಮ. ಕಲ್ಲು ತಿಕ್ಕುವ ಆಳುಗಳ ಮೇಲ್ವಿಚಾರಣೆ ಅವನದು. ಗೊಲ್ಲಾಳಪ್ಪನ ಹೆಂಡತಿ ಭೀಮಬಾಯಿ ಒಲೆ ನೋಡಿಕೊಳ್ಳುತ್ತಿದ್ದಳು. ಸೊಸೆ ಮಹಾದೇವಮ್ಮ ಒಲೆಯೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು, ಹತ್ತು ವರ್ಷದ ಸುಂದರಬಾಯಿ. ಸುಂದರಬಾಯಿಯ ಬೆನ್ನಿಗೆ ಹುಟ್ಟಿದ ಎರಡು ಗಂಡು ಉಳಿದಿರಲಿಲ್ಲ.

ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ಮಹಾದೇವಮ್ಮ ಮಾವನೊಂದಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಆ ಮನೆಯ ಪದ್ಧತಿ ಹಾಗೆ. ಹೇಳುವುದಿದ್ದರೆ ಸೆರಗು ಮುಂದೆಳೆದುಕೊಂಡು ಮಗಳ ಕಡೆ ಮುಖ ಮಾಡಿ ಹೇಳಬೇಕು. ಮಗಳು ಅದೇ ಮಾತನ್ನು ಅಜ್ಜನಿಗೆ ತಿರುಗಿಸಿ ಹೇಳಬೇಕು. ಅಜ್ಜ ಮೂರು ಹೆಜ್ಜೆ ದೂರದಲ್ಲೇ ಕೂತಿರುತ್ತಿದ್ದ, ಕಿವಿಯೂ ಚುರುಕಾಗಿತ್ತು. ಆದರೂ ಎರಡನೆಯ ಸಲ ಬಂದ ಮಾತು ಮಾತ್ರ ಕೇಳಿದಂತೆ ಲೆಕ್ಕ.

ಜೂಲಿ ಜಾತಿನಾಯಿಯೇನಲ್ಲ. ತಾಯಿ ಕುರಿ ಕಾಯುವವರ ಉದ್ದಕಾಲಿನ ನಾಯಿ; ತಂದೆ ಯಾವುದೋ ರೈಲ್ವೆ ಕ್ವಾರ್ಟರ್ಸಿನ ದಟ್ಟಕೂದಲಿನದು. ಕೆಂಚು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಹಿಂದಿನ ಬೇಸಿಗೆಯಲ್ಲಿ ಆಡು ಕದಿಯಲು ಬಂದವನೊಬ್ಬನನ್ನು ಕಚ್ಚದೆ, ಅವನ ಧೋತರದ ಚುಂಗು ಹಿಡಿದು ಮನೆಯವರು ಬರುವ ತನಕ ನಿಲ್ಲಿಸಿಕೊಂಡಿತ್ತು. ಆ ಸುದ್ದಿ ಸೇಡಂ ತನಕ ಹೋಯಿತು. ಹೋಗುತ್ತ ಹೋಗುತ್ತ ಒಬ್ಬ ಕಳ್ಳ ಮೂವರಾದ. ಕಾಯಿಗಳು ಬರತೊಡಗಿದ್ದು ಅದರ ಮೇಲೆಯೇ.

ಜೂಲಿಗೆ ಗಂಡು ಹುಡುಕುವಾಗ ಕಾಶಪ್ಪ ದನದ ದವಾಖಾನೆಯ ಕಂಪೌಂಡರ್ ಗುಲಾಮ್ ರಸೂಲ್‌ನನ್ನು ಕೇಳಿದ್ದ. "ಜಾತಿ ಕೇಳಬ್ಯಾಡ್ರಿ, ತಬಿಯತ್ ನೋಡ್ರಿ" ಎಂದಿದ್ದ ರಸೂಲ್. "ಚರ್ಮ ಸಾಫ್ ಇರಬೇಕು. ಕೂಸು ಬಾಲ ಎಳದ್ರ ಎದ್ದು ಹೋಗಬೇಕು, ಕಚ್ಚಬಾರದು. ಜೂಲಿ ರಕ್ತದ್ದು ಮಾತ್ರ ಬ್ಯಾಡ." ಕಲ್ಲು ಒಡೆಯುವ ಮಶಾಕನ ನಾಯಿ ಈ ಮೂರಕ್ಕೂ ಸರಿ ಬಂತು. ನಿನಗೊಂದು ಮರಿ ಎಂದು ಕಾಶಪ್ಪ ಹೇಳಿದರೆ ಮಶಾಕ, "ಇರೋ ಒಂದಕ್ಕೇ ರೊಟ್ಟಿ ಸಾಲವಲ್ದು, ಬಿಡಪಾ" ಎಂದು ನಕ್ಕ. ಮರಿ ಬೇಡವೆಂದವನು ಆ ಊರಿನಲ್ಲಿ ಅವನೊಬ್ಬನೇ ಇದ್ದಿರಬೇಕು.

ದೀಪಾವಳಿ ಕಳೆದ ಮೂರನೆಯ ದಿನ ಜೂಲಿ ಆಡಿನ ಕೊಟ್ಟಿಗೆಯ ಮೂಲೆಯಲ್ಲಿ ಮರಿ ಹಾಕಿತು. ಮಹಾದೇವಮ್ಮ ಮೊದಲೇ ತೊಗರಿಯ ಖಾಲಿ ಚೀಲ ತೊಳೆದು ಒಣಗಿಸಿ ಹಾಸಿದ್ದಳು. ಏಳು ಹುಟ್ಟಿದವು. ಒಂದು ಸತ್ತೇ ಹುಟ್ಟಿತು, ಒಂದು ಮೂರನೆಯ ದಿನ ಹೋಯಿತು. ಐದು ಉಳಿದವು.

ಭೀಮಬಾಯಿ ರೊಟ್ಟಿ ಬಡಿಯುತ್ತ ಗಂಡನನ್ನು ಕೇಳಿದಳು. "ಹನ್ನೊಂದು ಕಾಯಿ ತೊಗೊಂಡ್ರಿ. ಐದು ಮರಿ ಅವ. ಇನ್ನಾರು ಎಲ್ಲಿಂದ ತರ್ತೀರಿ?"

"ವರ್ಷಕ್ಕ ಎರಡು ಸಲ ಹಾಕ್ತದ. ಮುಂದಿನ ಸಲ ಆರು ಹಾಕ್ತದ."

"ಆರೇ ಹಾಕು ಅಂತ ಅದಕ್ಕ ಹೇಳಿಟ್ಟೀರೇನು?"

"ನೀ ರೊಟ್ಟಿ ನೋಡು, ಸೀದು ಹೋಗಾಕತ್ತದ."

ಹನ್ನೊಂದು ಕಾಯಿಯಲ್ಲಿ ಒಂದೂ ಉಳಿದಿರಲಿಲ್ಲ. ಕೆಲವು ಚಟ್ನಿಯಾಗಿದ್ದವು, ಕೆಲವು ಹಬ್ಬದ ಹೋಳಿಗೆಗೆ ಹೋಗಿದ್ದವು. ದೊಡ್ಡದೊಂದನ್ನು ಗೊಲ್ಲಾಳಪ್ಪ ಬೆಲ್ಲದ ಜೊತೆ ಒಬ್ಬನೇ ತಿಂದಿದ್ದ.

ಆಮೇಲಿನ ಜಗಳವೆಲ್ಲ ಹಾಲಿನದು. ಮರಿಯುಣಿಸುವ ನಾಯಿಗೆ ಎರಡು ಪಟ್ಟು ಹೊಟ್ಟೆ ಎಂದು ಮಹಾದೇವಮ್ಮ ದಿನಾ ಮೂರು ರೊಟ್ಟಿ ಮುರಿದು, ಬೇಳೆಯ ಕಟ್ಟು ಹಾಕಿ ಕಲಸಿ ಇಡುತ್ತಿದ್ದಳು. ಅದರ ಮೇಲೆ ಒಂದು ಲೋಟ ಆಡಿನ ಹಾಲು. ಭೀಮಬಾಯಿಯ ಚಹಾ ಕಪ್ಪಾಗತೊಡಗಿತು.

"ನಾಯಿಗಿ ಹಾಲು, ನನಗ ಡಿಕಾಕ್ಷನ್" ಎಂದಳು ಅವಳು, ಲೋಟವನ್ನು ಬೆಳಕಿಗೆ ಹಿಡಿದು.

"ನೀವೇನು ಐದು ಮಂದಿಗಿ ಕುಡಸಬೇಕ್ರಿ ಅತ್ತಿ?" ಎಂದಳು ಮಹಾದೇವಮ್ಮ. ಅತ್ತೆಯೊಡನೆ ನೇರವಾಗಿ ಮಾತಾಡಲು ಅಡ್ಡಿಯಿರಲಿಲ್ಲ, ಅದನ್ನವಳು ಚೆನ್ನಾಗಿ ಬಳಸಿಕೊಳ್ಳುತ್ತಿದ್ದಳು.

"ಕುಡಿಸೀನಿ ನಾನೂ. ನಾಕು ಹಡದು ನಾಕು ಬೆಳಸೀನಿ."

ಆ ಮಾತು ಎಲ್ಲಿ ಹೋಗಿ ನಾಟುತ್ತದೆಂದು ಭೀಮಬಾಯಿ ಯೋಚಿಸಿ ಆಡಿರಲಿಲ್ಲ. ಮಹಾದೇವಮ್ಮ ಎದ್ದು ಹೋಗಿ ಕೊಟ್ಟಿಗೆ ಗುಡಿಸಿದಳು. ಮರುದಿನದಿಂದ ತನ್ನ ಪಾಲಿನ ಚಹಾ ಬಿಟ್ಟಳು. ಭೀಮಬಾಯಿಯ ಚಹಾ ಮತ್ತೆ ಬೆಳ್ಳಗಾಯಿತು, ಜೂಲಿಯ ಲೋಟ ಕಡಿಮೆಯಾಗಲಿಲ್ಲ.

ಇಷ್ಟು ಮಾಡಿಯೂ ಇಪ್ಪತ್ತನೆಯ ದಿನ ಜೂಲಿ ಬಿತ್ತು. ಮಧ್ಯಾಹ್ನ ಆಡು ಹೊಡೆದುಕೊಂಡು ಹೋಗುವ ಹೊತ್ತಿಗೆ ಏದುಸಿರು ಬಿಡುತ್ತ ಅಂಗಳದಲ್ಲಿ ಸುತ್ತುತ್ತಿತ್ತು. ಮರಿಗಳು ಕೂಗಿದರೂ ಹತ್ತಿರ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲು ಸೆಟೆದು ಮಗ್ಗುಲಾಯಿತು. ಇಡೀ ಮೈ ನಡುಗತೊಡಗಿತು, ಬಾಯಿಂದ ಜೊಲ್ಲು ಇಳಿಯಿತು.

ಭೀಮಬಾಯಿ ಉಪ್ಪು, ಮೆಣಸಿನಕಾಯಿ ತಂದು ನಿವಾಳಿಸಿದಳು. "ಹನ್ನೊಂದು ಮಂದಿ ಕಣ್ಣು ಬಿದ್ದದ" ಎಂದಳು. ಮಹಾದೇವಮ್ಮ ಮರಿಗಳನ್ನು ಬುಟ್ಟಿಗೆ ಹಾಕಿ ಒಳಗಿಟ್ಟು, ಸುಂದರಬಾಯಿಯನ್ನು ಶೆಡ್ಡಿಗೆ ಓಡಿಸಿದಳು. ಕಾಶಪ್ಪ ಕಲ್ಲಿನ ರಾಡಿ ಹತ್ತಿದ ಕೈಯಲ್ಲೇ ಹೋಗಿ ಗುಲಾಮ್ ರಸೂಲ್‌ನನ್ನು ಸೈಕಲ್ ಮೇಲೆ ಕರೆತಂದ.

ರಸೂಲ್ ಮುಂಗಾಲಿನ ನರ ಹುಡುಕಿ, ಒಂದು ಕೈ ಜೂಲಿಯ ಎದೆಯ ಮೇಲಿಟ್ಟು ಬಡಿತ ನೋಡುತ್ತ, ಇಂಜೆಕ್ಷನ್ನನ್ನು ಹನಿಹನಿಯಾಗಿ ಬಿಟ್ಟ. ಅದು ಮುಗಿಯುವಷ್ಟರಲ್ಲಿ ನಡುಕ ಇಳಿಯಿತು. ಜೂಲಿ ತಲೆ ಎತ್ತಿ ಬುಟ್ಟಿ ಎಲ್ಲಿ ಎಂದು ನೋಡಿತು.

"ಮೈಯಾಗಿನ ಸುಣ್ಣ ಎಲ್ಲ ಹಾಲಿನಾಗ ಹೋಗ್ಯದ" ಎಂದ ರಸೂಲ್, ಸೂಜಿ ತೊಳೆಯುತ್ತ. "ಊರ ತುಂಬ ಸುಣ್ಣದ ಕಲ್ಲು, ಇದರ ಮೈಯಾಗ ಸುಣ್ಣ ಇಲ್ಲ. ಇನ್ನೊಂದು ತಾಸು ತಡ ಆಗಿದ್ರ ಉಳೀತಿರಲಿಲ್ಲ. ನಾಳಿ ಸಂಜಿತನಾ ಮರಿ ಬಿಡಬ್ಯಾಡ್ರಿ. ಕೈಲೆ ಹಾಲು ಹಾಕ್ರಿ. ಆಮ್ಯಾಲ ತೆಳ್ಳಗ ಅಂಬಲಿ ರೂಢಿ ಮಾಡಸ್ರಿ."

ಮಹಾದೇವಮ್ಮ ತಲೆಯಾಡಿಸಿದಳು.

"ಇನ್ನೊಂದು ಮಾತು ಗೊಲ್ಲಾಳಪ್ಪಣ್ಣಾ. ಮುಂದಿನ ಸಲ ಬೆದಿಗಿ ಬಂದಾಗ ಖಾಲಿ ಬಿಡ್ರಿ. ಒಮ್ಮಿ ಹಿಂಗಾದ ನಾಯಿಗಿ ಮತ್ತ ಆಗ್ತದ. ಮೈ ತುಂಬಿಕೊಳ್ಳಾಕ ವರ್ಷ ಬೇಕು ಅದಕ್ಕ."

"ನೋಡೋಣ ತೊಗೋ" ಎಂದ ಗೊಲ್ಲಾಳಪ್ಪ. ಅವನ ಬಾಯಲ್ಲಿ ನೋಡೋಣ ಎಂದರೆ ಆಗುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಹಾದೇವಮ್ಮ ಹತ್ತಿಯ ಬತ್ತಿ ಹೊಸೆದು ಹಾಲಿನಲ್ಲಿ ಅದ್ದಿ ಒಂದೊಂದು ಮರಿಗೂ ಚೀಪಿಸಿದಳು. ಎರಡು ತಾಸಿಗೊಮ್ಮೆ ಐದು ಬಾಯಿ. ಎರಡನೆಯ ಸುತ್ತಿಗೆ ಭೀಮಬಾಯಿಯೇ ಒಂದು ಮರಿಯನ್ನು ತೊಡೆಯ ಮೇಲೆ ಎಳೆದುಕೊಂಡು, "ಬತ್ತಿ ದಪ್ಪ ಮಾಡೀದಿ, ಗಂಟಲಿಗಿ ಸಿಗ್ತದ" ಎಂದು ಗದರಿ ತಾನೂ ಕೂತಳು. ಆ ದಿನ ಯಾರಿಗೂ ಚಹಾಕ್ಕೆ ಹಾಲಿರಲಿಲ್ಲ. ಯಾರೂ ಕೇಳಲಿಲ್ಲ.

ಮರಿಗಳು ಕಾಲು ಬಲಿತು, ಕೊಟ್ಟಿಗೆಯ ತುಂಬ ಉರುಳಾಡುವ ಹೊತ್ತಿಗೆ ಕಾಯಿ ಇಟ್ಟವರು ಬರತೊಡಗಿದರು. ಮೊದಲು ಬಂದವನು ಭೀಮಬಾಯಿಯ ತಮ್ಮ ಅಂಬರಾಯ, ಆಡಕಿ ಊರಿನಿಂದ. ಕೈಯಲ್ಲೊಂದು ಬಟ್ಟೆಯ ಚೀಲ.

"ತಿಂಗಳ ಆಗಾಕ ಬಂತು, ಸಾಕಲ್ಲ" ಎಂದ ಅವನು. "ಸಣ್ಣದಿದ್ದಾಗ ಒಯ್ದ್ರ ರೂಢಿ ಆಗ್ತದ ಮಾವಾ. ಬಸ್ಸಿನಾಗ ಚೀಲದಾಗ ಹಾಕ್ಕೊಂಡು ಹೋಗ್ತೀನಿ."

"ಒಯ್ಯಿ. ನಿನ್ನ ಅಕ್ಕನ ಮನಿ ಇದು, ಕೇಳಬೇಕೇನು?" ಎಂದ ಗೊಲ್ಲಾಳಪ್ಪ.

ಬಾಗಿಲ ಮರೆಯಿಂದ ಮಹಾದೇವಮ್ಮ ಮಗಳಿಗೆ ಹೇಳಿದಳು. "ಸುಂದ್ರೀ, ಚೀಲದಾಗ ಹಾಕ್ಕೊಂಡು ಹೋಗಾಕ ಅದೇನು ಬದನಿಕಾಯಿ ಅದ ಏನು ಅಂತ ಕೇಳು."

ಸುಂದರಬಾಯಿ ಅಜ್ಜನ ಕಡೆ ತಿರುಗಿದಳು. "ಮುತ್ಯಾ, ಚೀಲ ಸಣ್ಣದಾತು ಅಂತ ಅವ್ವ ಅಂತಾಳ."

"ನಲವತ್ತೊಂಬತ್ತು ದಿನ ಆಗೂತನಾ ಒಂದು ಮರೀನೂ ಹೊರಗ ಹೋಗೂದಿಲ್ಲ ಅಂತ ಹೇಳು. ತಾಯಿ ಜೋಡಿ ಇದ್ರ ಕಚ್ಚಬಾರದು ಅಂತ ತಾಯೇ ಕಲಸ್ತದ. ಜಲ್ದಿ ಬಿಡಿಸಿದ್ದು ಮಂದಿ ಕೈ ಕಚ್ಚಿ ಕಲೀತದ."

"ನಲವತ್ತೊಂಬತ್ತು ದಿನ ಅಂತ, ಮುತ್ಯಾ. ಕಚ್ಚತದಂತ."

ಅಂಬರಾಯ ಅಕ್ಕನ ಮುಖ ನೋಡಿದ. ಭೀಮಬಾಯಿ ತಮ್ಮನ ಪರ ಮಾತಾಡುತ್ತಾಳೆಂದು ಎಲ್ಲರೂ ಕಾದರು. ಅವಳು ತಟ್ಟೆ ಇಟ್ಟು, "ಉಂಡು ಹೋಗು, ಪುಂಡಿಪಲ್ಯ ಮಾಡೀನಿ" ಎಂದಳು ಅಷ್ಟೇ. ತನ್ನ ಕೈಯಿಂದ ಬತ್ತಿ ಚೀಪಿದ ಮರಿ ಅದು, ಚೀಲದಲ್ಲಿ ಹೋಗುವುದು ಅವಳಿಗೂ ಸರಿ ಕಂಡಿರಲಿಲ್ಲ. ಅಂಬರಾಯ ಎರಡು ರೊಟ್ಟಿ ಹೆಚ್ಚಿಗೆ ಉಂಡು ಸಿಟ್ಟು ತೀರಿಸಿಕೊಂಡು ಹೋದ.

ಐವತ್ತನೆಯ ದಿನ, ಭಾನುವಾರ, ಮರಿ ಕೊಡುವುದೆಂದು ಗೊತ್ತಾಯಿತು. ಅಷ್ಟರಲ್ಲಿ ಮರಿಗಳಿಗೆ ಎರಡು ಸಲ ಹುಳದ ಔಷಧಿಯಾಗಿತ್ತು. ನುಚ್ಚು, ಮಜ್ಜಿಗೆ, ನೆನೆಸಿದ ರೊಟ್ಟಿ ತಿನ್ನುತ್ತಿದ್ದವು. ಆಡು ಕಂಡರೆ ಹೆದರುತ್ತಿರಲಿಲ್ಲ, ಶೆಡ್ಡಿನ ಯಂತ್ರದ ಸದ್ದಿಗೂ ಬೆಚ್ಚುತ್ತಿರಲಿಲ್ಲ. ಇದನ್ನೆಲ್ಲ ಮಹಾದೇವಮ್ಮ ಹಟ ಹಿಡಿದು ಮಾಡಿಸಿದ್ದಳು.

ಮೊದಲ ಕಾಯಿ ಇಟ್ಟವನು ಗುತ್ತೇದಾರ ಮಾಣಿಕಪ್ಪ. ಅವನೇ ಖುದ್ದಾಗಿ ಬಂದ. ಸರಪಳಿಯನ್ನೂ ತಂದಿದ್ದ.

"ಎಲ್ಲಿ ಕಟ್ತೀರಿ ಅಂತ ಕೇಳು ಸುಂದ್ರೀ" ಎಂದಳು ಮಹಾದೇವಮ್ಮ ಒಳಗಿನಿಂದ.

"ಕಲ್ಲಿನ ರಾಶಿ ಮ್ಯಾಗ" ಎಂದ ಮಾಣಿಕಪ್ಪ. ಸೊಸೆಯಂದಿರ ಪದ್ಧತಿ ಅವನಿಗೂ ಗೊತ್ತು, ಹುಡುಗಿಗೇ ಹೇಳಿದ. "ಇವತ್ತಲಿಂದಾ ಕಟ್ಟಿ ಹಾಕಿದ್ರ ಹುಲಿ ಆಗ್ತದ. ಯಾರೂ ಹತ್ರ ಬರಬಾರದು ಹಂಗ ಬೆಳಸ್ತೀನಿ."

"ನೆರಳು ಅದೇನು ಅಲ್ಲಿ?"

"ನಾಯಿಗಿ ಯಾತರ ನೆರಳವ್ವ?"

ಒಳಗೆ ಬುಟ್ಟಿ ಎಳೆದ ಸದ್ದಾಯಿತು. ಆಮೇಲೆ ಮಾತು ಬಂತು. "ಅವರಿಗಿ ಕೊಡಂಗಿಲ್ಲ ಅಂತ ಮುತ್ಯಾಗ ಹೇಳು."

ಈ ಸಲ ಸುಂದರಬಾಯಿಗೆ ಮಾತನ್ನು ಮೆತ್ತಗೆ ಮಾಡುವ ದಾರಿ ಹೊಳೆಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ಗೊಲ್ಲಾಳಪ್ಪನ ಮುಖ ಕಪ್ಪಿಟ್ಟಿತು. ಬುಟ್ಟಿಯ ಕಡೆ ಹೋದ. ಬುಟ್ಟಿಯ ಮುಂದೆ ಸೊಸೆ ಕೂತಿದ್ದಳು. ಸೊಸೆಯನ್ನು ಸರಿಸಿ ಕೈ ಹಾಕುವುದು ಅವನಿಂದಾಗದ ಕೆಲಸ. ಹೊರಗೆ ಬಂದು ಗುತ್ತೇದಾರನ ಮುಂದೆ ನಿಂತ.

ಮಾಣಿಕಪ್ಪ ಸರಪಳಿ ಸುತ್ತಿಕೊಂಡ. "ಇರಲಿ ಗೊಲ್ಲಾಳಪ್ಪ. ಕಾಯಿ ನಿಮ್ಮ ಹತ್ರ ಅದ, ಮಾತೂ ಅದ. ಮುಂದಿನ ಸಲ ಎರಡೂ ಕಿವಿ ನೆಟ್ಟಗಿದ್ದದ್ದು ಕೊಡ್ರಿ" ಎಂದು ನಗುತ್ತಲೇ ಹೋದ.

ಐದು ಮರಿಗಳು ಕಾಯಿ ಇಟ್ಟ ಬೇರೆ ಐದು ಮನೆಗೆ ಹೋದವು. ಇಬ್ಬರು ಆಡಿನವರು, ಒಬ್ಬ ಶಾಲೆಯ ಮಾಸ್ತರ, ಒಬ್ಬ ರೈಲು ಗೇಟಿನವ, ಹಿಟ್ಟಿನ ಗಿರಣಿ ನಡೆಸುವ ಸರ್ವರಬೇಗಂ. ಅಂಬರಾಯನ ಹೊಲದಲ್ಲಿ ಹಗಲೆಲ್ಲ ಯಾರೂ ಇರುವುದಿಲ್ಲವೆಂದು ತಿಳಿದು ಅವನಿಗೂ ಈ ಸಲ ಇಲ್ಲವಾಯಿತು. ಸರ್ವರಬೇಗಂ ಮರಿಯನ್ನು ಬುರ್ಖಾದೊಳಗೆ ಅಪ್ಪಿಕೊಂಡು, "ನಿಮ್ಮ ಸೊಸಿ ಹೆಣ್ಣು ಕೊಡುವಾಗಲೂ ಇಷ್ಟು ಸವಾಲು ಕೇಳಲಿಕ್ಕಿಲ್ಲ" ಎಂದಳು. ಜೂಲಿ ಎರಡು ದಿನ ಬುಟ್ಟಿ ಮೂಸಿ ಮೂರನೆಯ ದಿನ ಆಡಿನ ಹಿಂದೆ ಹೋಯಿತು.

ಮುಂದಿನ ಸೋಮವಾರ ಕಾಶಪ್ಪನನ್ನು ಶೆಡ್ಡಿನಿಂದ ತೆಗೆದು ಲಾರಿಗೆ ಕಲ್ಲು ತುಂಬುವ ಕಡೆ ಹಾಕಿದರು. ಪಗಾರ ಅಷ್ಟೇ ಇತ್ತು, ಬೆನ್ನು ಮಾತ್ರ ಅಷ್ಟೇ ಇರಲಿಲ್ಲ. ಸಂಜೆ ಊಟಕ್ಕೆ ಕೂತಾಗ ತಟ್ಟೆಗೆ ಬಾಗಲು ಆಗದೆ ತಟ್ಟೆಯನ್ನೇ ಎತ್ತಿ ಹಿಡಿದ.

"ಒಂದು ನಾಯಿಮರಿ ಸಲುವಾಗಿ" ಎಂದ ಹೆಂಡತಿಗೆ.

"ಬಿಸಲಾಗ ಕಲ್ಲಿನ ಮ್ಯಾಗ ಕಟ್ಟತಿದ್ರು."

"ಈಗ ನನ್ನ ಕಟ್ಟ್ಯಾರ."

ಮಹಾದೇವಮ್ಮ ಎಣ್ಣೆ ಬಿಸಿ ಮಾಡಿ ತಂದು ಅವನ ಬೆನ್ನಿಗೆ ತಿಕ್ಕಿದಳು.

"ಮುಂದಿನ ಸಲ ಅಪ್ಪಗ ಅಡ್ಡ ಬರಬ್ಯಾಡ" ಎಂದ ಕಾಶಪ್ಪ, ಬೋರಲು ಮಲಗಿದಂತೆಯೇ. "ಒಂದು ಮರಿ ಆ ಮನಷ್ಯಾನ ಕೈಗಿ ಕೊಟ್ಟು ಮುಗಿಸಿಬಿಡೋಣ."

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ, ಹೂಂ ಎನ್ನಲೂ ಇಲ್ಲ.

ಉಳಿದ ಆರು ಕಾಯಿಗಳು ಗೊಲ್ಲಾಳಪ್ಪನಿಗೆ ಸಂತೆಯಲ್ಲಿ ಸಿಕ್ಕವು, ಮದುವೆಮನೆಯಲ್ಲಿ ಸಿಕ್ಕವು, ಆಡು ಮೇಯಿಸುವ ದಾರಿಯಲ್ಲಿ ಸಿಕ್ಕವು. "ಏನಾತ್ರಿ ನಮ್ಮ ಮರಿ?" ಎಂದು ಕಾಯಿ ಇಟ್ಟವರು ಕೇಳುತ್ತಿದ್ದರು. ಯಾರೂ ಸಿಟ್ಟಿನಿಂದ ಕೇಳುತ್ತಿರಲಿಲ್ಲ, ನಗುತ್ತಲೇ ಕೇಳುತ್ತಿದ್ದರು. ಅದೇ ಅವನಿಗೆ ಹೆಚ್ಚು ಉರಿಯುತ್ತಿತ್ತು. ಅರವತ್ತು ವರ್ಷದಲ್ಲಿ ಅವನು ಕೊಟ್ಟ ಮಾತು ಒಂದೂ ಬಿದ್ದಿರಲಿಲ್ಲ. ಅವನನ್ನು ಕೇಳಿಕೊಂಡು ಬಂದವರೇ ಕಡಿಮೆ ಎಂಬುದು ಬೇರೆ ವಿಷಯ.

ವೈಶಾಖದಲ್ಲಿ ಜೂಲಿ ಬೆದೆಗೆ ಬಂತು. ಮೈ ಇನ್ನೂ ತುಂಬಿರಲಿಲ್ಲ, ಪಕ್ಕೆಲುಬು ಎಣಿಸಬಹುದಿತ್ತು. ಮನೆ ಮುಂದೆ ಊರ ಗಂಡುನಾಯಿಗಳೆಲ್ಲ ಪಂಚಾಯತಿ ಸೇರಿದವು. ಮಹಾದೇವಮ್ಮ ಜೂಲಿಯನ್ನು ಕಾಳಿನ ಕೋಣೆಗೆ ಹಾಕಿ ಚಿಲಕವಿಟ್ಟು, ಸುಂದರಬಾಯಿಯ ಕೈಗೆ ಕೋಲು ಕೊಟ್ಟು ಬಾಗಿಲಲ್ಲಿ ಕೂರಿಸಿದಳು.

ಗೊಲ್ಲಾಳಪ್ಪ ಬೇರೆಯೇ ಲೆಕ್ಕ ಹಾಕಿದ್ದ. ವಾಡಿಯಲ್ಲಿ ಒಬ್ಬ ರೈಲ್ವೆ ಗಾರ್ಡ್, ಅವನ ಬಳಿ ಒಂದು ಅಲ್ಸೇಷನ್. ಎರಡೂ ಕಿವಿ ನೆಟ್ಟಗೆ. ಜೂಲಿಯನ್ನು ಪ್ಯಾಸೆಂಜರ್ ಗಾಡಿಯಲ್ಲಿ ತನ್ನ ಡಬ್ಬಿಯಲ್ಲೇ ಕರೆದೊಯ್ಯುತ್ತೇನೆಂದು ಗಾರ್ಡ್ ಒಪ್ಪಿದ್ದ.

ಕಾಶಪ್ಪನಿಗೂ ಇದು ಸರಿ ಬರಲಿಲ್ಲ. ದಾರಿಯಲ್ಲಿ ರಸೂಲ್ ಸಿಕ್ಕು ಹೇಳಿದ್ದನ್ನು ತಂದೆಗೆ ಹೇಳಿದ. "ಆ ನಾಯಿ ಹಿಂದಗಾಲು ಎಳೀತದಂತ ಅಪ್ಪಾ. ಇಬ್ಬರಿಗಿ ಕಚ್ಚೇದಂತ. ಮರಿಗೂ ಅದಾ ಬರ್ತದಂತ ರಸೂಲಣ್ಣ ಅಂದ."

"ಮಾಣಿಕಪ್ಪಗ ಕಚ್ಚೋದೇ ಬೇಕು."

"ಉಳಿದ ಐದು ಮಂದಿಗಿ?"

"ಅವರು ಕಾಯಿ ಕೊಟ್ಟಾರ, ಮರಿ ಸಿಗ್ತದ. ನಿನಗ ಶೆಡ್ಡು ಬೇಕೋ ಬ್ಯಾಡೋ?"

ಕಾಶಪ್ಪ ಸೊಂಟ ಹಿಡಿದುಕೊಂಡು ಎದ್ದು ಹೋದ. ಬೆನ್ನು ಅವನ ಬಾಯಿ ಕಟ್ಟಿತ್ತು.

ಮರುದಿನ ಬೆಳಿಗ್ಗೆ ಗೊಲ್ಲಾಳಪ್ಪ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಹೊಸ ಹಗ್ಗ ಹಿಡಿದು ಕಾಳಿನ ಕೋಣೆಯ ಚಿಲಕ ತೆಗೆದ. ಜೂಲಿ ಬಾಲ ಅಲ್ಲಾಡಿಸುತ್ತ ಬಂದು ತಾನೇ ಕೊರಳು ಕೊಟ್ಟಿತು. ಹಗ್ಗ ಹಾಕಿ ಅಂಗಳಕ್ಕೆ ತಂದ. ಭೀಮಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಾಶಪ್ಪ ಹಂಡೆಯ ಹತ್ತಿರ ಮುಖ ತೊಳೆಯುತ್ತಿದ್ದ. ಮಹಾದೇವಮ್ಮ ತಲೆಬಾಗಿಲಲ್ಲಿ, ಹೊಸ್ತಿಲ ಮೇಲೆ ಬಂದು ನಿಂತಳು. ಸೆರಗು ಹಣೆಯ ತನಕ ಇತ್ತು. ದಾರಿ ಅದೊಂದೇ.

"ಸುಂದ್ರೀ, ನಿನ್ನ ಅವ್ವಗ ಬಾಗಲ ಬಿಟ್ಟು ಸರೀ ಅಂತ ಹೇಳು" ಎಂದ ಗೊಲ್ಲಾಳಪ್ಪ.

"ಅವ್ವಾ, ಸರೀಬೇಕಂತ."

"ಸುಂದ್ರೀ, ಮುತ್ಯಾಗ ಹೇಳು" ಎಂದಳು ಮಹಾದೇವಮ್ಮ. ದನಿ ಎತ್ತರಿಸಲಿಲ್ಲ. "ನೀ ಹುಟ್ಟಿದ ಮ್ಯಾಲ ದವಾಖಾನಿ ಡಾಕ್ಟ್ರಮ್ಮ ಎರಡು ವರ್ಷ ತಡೀರಿ ಅಂದಿದ್ಲು, ಈಕಿ ಮೈಯಾಗ ರಕ್ತ ಇಲ್ಲ ಅಂದಿದ್ಲು. ಗಂಡು ಬೇಕು ಅಂತ ಈ ಮನ್ಯಾಗ ಯಾರೂ ತಡೀಲಿಲ್ಲ. ಮರುವರ್ಷ ಒಂದು ಹಡದೆ, ಎಂಟು ದಿನಕ್ಕ ಹೋತು. ಅದರ ಮರುವರ್ಷ ಇನ್ನೊಂದು, ಅದು ಅಳಲೇ ಇಲ್ಲ. ಎರಡೂ ಮಣ್ಣಾಗ ಇಟ್ಟು ಬಂದ್ರಿ. ಅವತ್ತು ನನಗ ಬಾಯಿ ಇರಲಿಲ್ಲ. ಈ ನಾಯಿಗೂ ಬಾಯಿ ಇಲ್ಲ. ಇದರ ಮಾತು ನಾ ಆಡಾಕತ್ತೀನಿ ಅಂತ ಹೇಳು."

ಸುಂದರಬಾಯಿ ಅಜ್ಜನ ಕಡೆ ತಿರುಗಿದಳು. "ಮುತ್ಯಾ..." ಎಂದಳು. ಮುಂದಿನದು ಬರಲಿಲ್ಲ. ತಾಯಿಯನ್ನು ನೋಡಿದಳು, ಅಜ್ಜನನ್ನು ನೋಡಿದಳು. ತನಗೆ ಇಬ್ಬರು ತಮ್ಮಂದಿರಿದ್ದರೆಂದು ಅವಳಿಗೆ ಗೊತ್ತಿತ್ತು. ಹೀಗೆ ಎಂದು ಗೊತ್ತಿರಲಿಲ್ಲ. ಕೋಲನ್ನು ಗೋಡೆಗೆ ಆನಿಸಿ ಆಡಿನ ಕೊಟ್ಟಿಗೆಯೊಳಕ್ಕೆ ಹೋಗಿಬಿಟ್ಟಳು.

ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದರೂ ಭೀಮಬಾಯಿ ತಿರುವಲಿಲ್ಲ. ಕಾಶಪ್ಪನ ಮುಖದಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಾತು ತಿರುಗಿಸಿ ಹೇಳುವವರು ಯಾರೂ ಉಳಿದಿರಲಿಲ್ಲ. ಪದ್ಧತಿಯ ಪ್ರಕಾರ ಗೊಲ್ಲಾಳಪ್ಪ ಏನೂ ಕೇಳಿಲ್ಲವೆಂದು ನಡೆಯಬಹುದಿತ್ತು.

ಅವನು ಕೈಯಲ್ಲಿದ್ದ ಹಗ್ಗ ನೋಡಿದ. ಜೂಲಿ ಅವನ ಕಾಲಿಗೆ ಒರಗಿ ಕೂತುಕೊಂಡಿತು.

"ನನಗ ಕೇಳಿಸ್ತು" ಎಂದ ಕೊನೆಗೆ.

ಹಗ್ಗವನ್ನು ಹೊಸ್ತಿಲ ಈಚೆ ನೆಲದ ಮೇಲೆ ಇಟ್ಟ. ಮಹಾದೇವಮ್ಮ ಎತ್ತಿಕೊಂಡು ಜೂಲಿಯನ್ನು ಒಳಗೆ ಕರೆದೊಯ್ದಳು. ಚಿಲಕ ಹಾಕಿ ಇನ್ನೊಮ್ಮೆ ಎಳೆದು ನೋಡಿದಳು. ಪ್ಯಾಸೆಂಜರ್ ಗಾಡಿ ತನ್ನ ಹೊತ್ತಿಗೆ ಕೂಗಿಕೊಂಡು ಹೋಯಿತು.

ಮಧ್ಯಾಹ್ನ ಗೊಲ್ಲಾಳಪ್ಪ ಬಜಾರಿಗೆ ಹೋಗಿ ಆರು ತೆಂಗಿನಕಾಯಿ ತಂದ. ಮಾತು ವಾಪಸ್ ತೆಗೆದುಕೊಳ್ಳಬೇಕಾದರೆ ಕಾಯಿ ವಾಪಸ್ ಕೊಡಬೇಕು. ಹಿಂದೆ ಯಾರಾದರೂ ಹಾಗೆ ಮಾಡಿದ್ದರೋ ಇಲ್ಲವೋ ಅವನಿಗೂ ತಿಳಿಯದು.

ಭೀಮಬಾಯಿ ಒಂದೊಂದನ್ನೇ ಅಲ್ಲಾಡಿಸಿ ನೋಡಿದಳು. "ಅವರು ಕೊಟ್ಟಿದ್ದು ಇದಕ್ಕಿಂತ ದೊಡ್ಡವು ಇದ್ವು. ಇವೆರಡು ಬದಲಿಸಿಕೊಂಡು ಬರ್ರಿ."

ಅವನು ಹೋಗಿ ಬದಲಿಸಿಕೊಂಡು ಬಂದ.

ಮೊದಲು ಹೋದದ್ದು ಮಾಣಿಕಪ್ಪನ ಶೆಡ್ಡಿಗೆ. ಮಾಣಿಕಪ್ಪ ಕಾಯಿಯನ್ನು ಮುಟ್ಟಲಿಲ್ಲ, ಕಲ್ಲಿನ ಮೇಲೆ ಇಟ್ಟು ಹೋಗಲು ಹೇಳಿದ. ಕಾಶಪ್ಪ ಲಾರಿಯ ಮೇಲಿನಿಂದ ನೋಡುತ್ತಿದ್ದ. ಇನ್ನು ಶೆಡ್ಡು ಸಿಗುವುದಿಲ್ಲವೆಂದು ಅವನಿಗೆ ತಿಳಿಯಿತು. ಸಂಜೆ ಮನೆಗೆ ಬಂದು ಹೆಂಡತಿಗೆ, "ಎಣ್ಣಿ ಕಾಸು" ಎಂದ. ಅಂಗಿ ತೆಗೆದು ಬೋರಲು ಮಲಗಿದ. ಬೇರೆ ನಾಲ್ವರಲ್ಲಿ ಇಬ್ಬರು ನಕ್ಕರು, ಒಬ್ಬ ಚಹಾ ಕೊಟ್ಟ, ಒಬ್ಬ ಬಾಗಿಲಲ್ಲೇ ಮಾತಾಡಿಸಿ ಕಳಿಸಿದ. ಗೊಲ್ಲಾಳಪ್ಪ ಎಲ್ಲ ಕಡೆ "ನಾಯಿಗಿ ಆರಾಮ ಇಲ್ಲ" ಎಂದಷ್ಟೇ ಹೇಳಿದ್ದ.

ಕೊನೆಯದು ಆಡಕಿ. ಸೇಡಂ ಬಸ್ಸಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅಂಬರಾಯನ ಮನೆ ಮುಟ್ಟುವಾಗ ಮಧ್ಯಾಹ್ನ ಮೀರಿತ್ತು. ಕಟ್ಟೆಯ ಮೇಲೆ ನಾಲ್ಕು ಮಂದಿ ನೆಂಟರು, ಪಕ್ಕದ ಮನೆಯವರು ಕೂತಿದ್ದರು. ಗೊಲ್ಲಾಳಪ್ಪ ಕಾಲು ತೊಳೆದು ಬಂದು ಕಾಯಿಯನ್ನು ಅಂಬರಾಯನ ಹೊಸ್ತಿಲ ಮೇಲೆ ಇಟ್ಟ.

"ಇದೇನು ಮಾವಾ?"

"ನಿನ್ನ ಕಾಯಿ. ಮರಿ ಬರೂದಿಲ್ಲ."

"ಈ ಸಲ ಇಲ್ಲಂದ್ರ ಮುಂದಿನ ಸಲ ಕೊಡು. ನಾ ಎಲ್ಲಿ ಓಡಿ ಹೋಗ್ತೀನಿ?"

"ಮುಂದಿಂದು ಗೊತ್ತಿಲ್ಲ. ಅದು ಮೈ ತುಂಬಿಕೊಳ್ಳಬೇಕು. ತುಂಬಿದ ಮ್ಯಾಲ ಆಕಿ ನೋಡ್ತಾಳ. ನಿನ್ನ ಹೊಲದಾಗ ಹಗಲೊತ್ತು ಯಾರರೆ ಇರ್ತಾರಂದ್ರ ಆಕಿಗಿ ಬಂದು ಹೇಳು."

ಅಂಬರಾಯ ಕಟ್ಟೆಯ ಮೇಲಿನವರ ಕಡೆ ನೋಡಿ ನಕ್ಕ. "ಯಾರಿಗಿ ಬಂದು ಹೇಳಲಿ? ಕಾಯಿ ಎತ್ತಿಕೊಂಡಾವ ನೀನು. ಮಾತು ಕೊಟ್ಟಾವ ನೀನು. ಈಗ ಕೊಡಂಗಿಲ್ಲ ಅನ್ನೋ ಮಾತು ಯಾರದು?"

ಇಡೀ ದಾರಿ ಗೊಲ್ಲಾಳಪ್ಪ ಇದಕ್ಕೊಂದು ಉತ್ತರ ಜೋಡಿಸಿಕೊಂಡು ಬಂದಿದ್ದ. ನಾಯಿಗೆ ಆರಾಮಿಲ್ಲ, ಕಂಪೌಂಡರ್ ಬೇಡ ಎಂದ, ಹೀಗೆ. ಐದು ಮನೆಯಲ್ಲಿ ನಡೆದದ್ದು ಇಲ್ಲಿಯೂ ನಡೆಯುತ್ತಿತ್ತು. ಅವನು ಕಟ್ಟೆಯ ಮೇಲೆ ಕೂತು, ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ನಮ್ಮ ಮಾದೇವಮ್ಮಂದು" ಎಂದ. ಹನ್ನೆರಡು ವರ್ಷದಲ್ಲಿ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು. "ಆಕಿ ನನಗ ಹೇಳ್ಯಾಳ."